ಮಕ್ಕಳ ಜೊತೆ ಹಂಪಿ: ಎರಡು ದಿನ, ನಾಲ್ಕು ಸುತ್ತು, ಮಧ್ಯಾಹ್ನ ಪೂರ್ತಿ ವಿಶ್ರಾಂತಿ

ಮಕ್ಕಳನ್ನು ಕರೆದುಕೊಂಡು ಹಂಪಿಗೆ ಹೋಗಿ ಬಂದವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: ‘ಹನ್ನೊಂದು ಗಂಟೆಯ ತನಕ ಚೆನ್ನಾಗಿತ್ತು, ಆಮೇಲೆ ಅಳು ಶುರುವಾಯಿತು.’ ಇದರಲ್ಲಿ ತಪ್ಪು ಮಕ್ಕಳದೂ ಅಲ್ಲ, ಹಂಪಿಯದೂ ಅಲ್ಲ. ನಲವತ್ತು ಚದರ ಕಿಲೋಮೀಟರಿಗೂ ಮೀರಿ ಹರಡಿಕೊಂಡ ಈ ಜಾಗದಲ್ಲಿ 1,600ಕ್ಕೂ ಹೆಚ್ಚು ಅವಶೇಷಗಳಿವೆ. ದೊಡ್ಡವರ ಪಟ್ಟಿಯಲ್ಲಿ ಅದರಲ್ಲಿ ಇಪ್ಪತ್ತಾದರೂ ಇರುತ್ತವೆ. ಆರು ವರ್ಷದ ಮಗುವಿಗೆ ದಿನಕ್ಕೆ ನಾಲ್ಕೈದು ಸಾಕು.

ಈ ಯೋಜನೆ 5ರಿಂದ 12 ವರ್ಷದ ಮಕ್ಕಳಿರುವ ಮನೆಯವರಿಗೆ. ಬೆಳಿಗ್ಗೆ ಮೂರು ಗಂಟೆ ಸುತ್ತಾಟ, ಸಂಜೆ ಎರಡು ಗಂಟೆ, ನಡುವೆ ಹನ್ನೊಂದೂವರೆಯಿಂದ ಮೂರೂವರೆ ತನಕ ನೆರಳು, ಊಟ, ನಿದ್ದೆ. ಇದರ ಜೊತೆಗೆ ಪ್ರತಿ ಜಾಗದಲ್ಲೂ ಮಗು ತಾನೇ ಹುಡುಕಿ ಕಂಡುಹಿಡಿಯುವಂಥ ಒಂದು ವಸ್ತು ಇರಬೇಕು. ಹಂಪಿ ಅದಕ್ಕೆ ಹೇಳಿ ಮಾಡಿಸಿದ ಊರು.

ಯಾವಾಗ ಹೋಗಬೇಕು

ನವೆಂಬರಿನಿಂದ ಫೆಬ್ರವರಿ. ಮಾರ್ಚ್ ಹಿಡಿಯಿತೆಂದರೆ ಬಂಡೆ ಕಾಯುತ್ತದೆ, ಬಂಡೆ ಕಾದರೆ ಸಂಜೆ ಏಳಾದರೂ ಕಾವು ಇಳಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ ಇದೆ ಎಂಬ ಒಂದೇ ಕಾರಣಕ್ಕೆ ಹೊರಡಬೇಡಿ. ಆಗ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ತುಂಗಭದ್ರಾ ಜಲಾಶಯ ತುಂಬಿ ನೀರು ಬಿಟ್ಟಾಗ ಹೊಳೆ ಉಕ್ಕುತ್ತದೆ, ಪುರಂದರದಾಸರ ಮಂಟಪ ಮುಳುಗುತ್ತದೆ, ತೆಪ್ಪದ (ಬುಟ್ಟಿಯಂಥ ದುಂಡು ದೋಣಿ) ಓಡಾಟ ನಿಲ್ಲುತ್ತದೆ. ಮಳೆ ಬಂದಾಗ ಬಿರುಕು ಬಿಟ್ಟ ಮಂಟಪದ ಕೆಳಗೆ ನಿಲ್ಲುವುದೂ ಬೇಡ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಬಜಾರಿನ ಸಾಲುಮಂಟಪದ ಒಂದು ಭಾಗ ಕುಸಿದಿತ್ತು.

ಶುಕ್ರವಾರ ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ರಜೆ. ಡಿಸೆಂಬರಿನ ಕೊನೆಯ ವಾರ ಜನಜಾತ್ರೆ.

ಪ್ರಯಾಣ ಮತ್ತು ವಸತಿ

ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತರ ಹೊತ್ತಿಗೆ ಹೊರಟು ಬೆಳಿಗ್ಗೆ ಏಳರ ಸುಮಾರಿಗೆ ಹೊಸಪೇಟೆ ಮುಟ್ಟುತ್ತದೆ. ಮಕ್ಕಳಿರುವವರಿಗೆ ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ನಿದ್ದೆಯೂ ಆಗುತ್ತದೆ, ಒಂದು ಹಗಲೂ ಉಳಿಯುತ್ತದೆ. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. 5 ವರ್ಷ ತುಂಬದ ಮಗುವಿಗೆ ಪ್ರತ್ಯೇಕ ಬರ್ತ್ ಬೇಡವಾದರೆ ಟಿಕೆಟ್ ಬೇಕಿಲ್ಲ. 5 ತುಂಬಿ 12 ತುಂಬದ ಮಗುವಿಗೆ ಬರ್ತ್ ಬೇಕೆಂದರೆ ಪೂರ್ತಿ ದರ, ಬೇಡವೆಂದರೆ ಅರ್ಧ. ರಾತ್ರಿ ಪ್ರಯಾಣಕ್ಕೆ ಬರ್ತ್ ತೆಗೆದುಕೊಳ್ಳಿ. ಎಂಟು ವರ್ಷದ ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡರೆ ಅದಕ್ಕೂ ನಿದ್ದೆಯಿಲ್ಲ, ನಿಮಗೂ ಇಲ್ಲ, ಮರುದಿನದ ಬೆಳಗಿನ ಸುತ್ತು ಅಲ್ಲಿಗೇ ಕೆಟ್ಟಿತು.

ಕಾರಿನಲ್ಲಾದರೆ ತುಮಕೂರು, ಹಿರಿಯೂರು, ಚಿತ್ರದುರ್ಗದ ಮೇಲೆ ಸುಮಾರು 340 ಕಿಲೋಮೀಟರ್. ಮಕ್ಕಳಿಗಾಗಿ ನಿಲ್ಲಿಸುವ ಹೊತ್ತೂ ಸೇರಿ ಏಳೆಂಟು ಗಂಟೆ ಹಿಡಿಯಿರಿ. ಚಿತ್ರದುರ್ಗದಲ್ಲಿ ಊಟಕ್ಕೆ ಇಳಿಯಿರಿ, ಆದರೆ ಅದೇ ಹುರುಪಿನಲ್ಲಿ ಕೋಟೆ ಹತ್ತಬೇಡಿ. ಅದು ಬೇರೆಯೇ ಒಂದು ದಿನದ ಕೆಲಸ.

ವಸತಿಗೆ ಕಮಲಾಪುರ ಉತ್ತಮ, ಇಲ್ಲವಾದರೆ ಹೊಸಪೇಟೆ. ಮಧ್ಯಾಹ್ನ ರೂಮಿಗೆ ಮರಳುವುದೇ ಈ ಯೋಜನೆಯ ಜೀವಾಳ. ಅದಕ್ಕೇ ಹೊಳೆಯಾಚೆ ಆನೆಗೊಂದಿ ಕಡೆ ರೂಮು ಹಿಡಿಯುವುದು ಈ ಪ್ರವಾಸಕ್ಕೆ ಹೊಂದುವುದಿಲ್ಲ. ಪ್ರತಿ ಸಲ ತೆಪ್ಪ ಹಿಡಿಯಬೇಕು, ಇಲ್ಲವೇ ರಸ್ತೆಯಲ್ಲಿ ಸುತ್ತು ಹಾಕಬೇಕು. ಬುಕ್ ಮಾಡುವಾಗಲೇ ಎರಡು ಮಾತು ಕೇಳಿಕೊಳ್ಳಿ: ಬೆಳಿಗ್ಗೆ ಏಳೂವರೆಗೆ ರೂಮು ಸಿಗುತ್ತದೆಯೇ, ಎರಡನೆಯ ದಿನ ಮಧ್ಯಾಹ್ನ ಮೂರರ ತನಕ ಇಟ್ಟುಕೊಳ್ಳಬಹುದೇ. ಅರ್ಧ ದಿನದ ಬಾಡಿಗೆ ಹೆಚ್ಚು ಕೊಡಬೇಕಾಗಿ ಬಂದರೂ ಕೊಡಿ.

ಆಟೋವನ್ನು ಇಡೀ ದಿನಕ್ಕೆ ಗೊತ್ತು ಮಾಡುವಾಗ ‘ಮಧ್ಯಾಹ್ನ ರೂಮಿಗೆ ಬಿಟ್ಟು, ಮೂರೂವರೆಗೆ ವಾಪಸ್ ಬರಬೇಕು’ ಎಂದು ಮೊದಲೇ ಹೇಳಿ ದರ ಮಾತಾಡಿ. ಹೇಳದಿದ್ದರೆ ಮಧ್ಯಾಹ್ನ ತಕರಾರು ಏಳುತ್ತದೆ.

ಹೊರಡುವ ಮೊದಲು ಮನೆಯಲ್ಲಿ: ಕತ್ತಲ ಡಬ್ಬಿ

ವಿರೂಪಾಕ್ಷ ದೇವಸ್ಥಾನದ ಗರ್ಭಗುಡಿಯ ಹಿಂದೆ ಕೆಲವು ಮೆಟ್ಟಿಲು ಹತ್ತಿದರೆ ಒಂದು ಕತ್ತಲ ಕೋಣೆ. ಅದರ ಗೋಡೆಯ ಸಣ್ಣ ಕಿಂಡಿಯಿಂದ ಬರುವ ಬೆಳಕು ಎದುರಿನ ಗೋಡೆಯ ಮೇಲೆ ಮುಂದಿನ ರಾಜಗೋಪುರವನ್ನು ತಲೆಕೆಳಗಾಗಿ ಮೂಡಿಸುತ್ತದೆ. ಹೆಚ್ಚಿನ ಮಕ್ಕಳು ಅದನ್ನು ಐದು ಸೆಕೆಂಡ್ ನೋಡಿ ‘ಹೂಂ’ ಎಂದು ಹೊರಬರುತ್ತಾರೆ. ಮೊದಲೇ ಮನೆಯಲ್ಲಿ ಕತ್ತಲ ಡಬ್ಬಿ ಮಾಡಿದ ಮಗು ಅಲ್ಲೇ ನಿಂತುಬಿಡುತ್ತದೆ. ಒಂದು ಭಾನುವಾರದ ಒಂದು ಗಂಟೆ ಇದಕ್ಕೆ ಸಾಕು.

ಬೇಕಾದ್ದು: ಒಂದು ಶೂ ಡಬ್ಬಿ, ಅಂಗೈಯಗಲದ ಅಲ್ಯೂಮಿನಿಯಂ ಫಾಯಿಲ್, ಬಟರ್ ಪೇಪರ್, ಕಪ್ಪು ಟೇಪ್, ಹೊಲಿಗೆ ಸೂಜಿ, ತಲೆಗೆ ಹೊದೆಯಲು ಒಂದು ದಪ್ಪ ಕಪ್ಪು ಬಟ್ಟೆ.

1. ಡಬ್ಬಿಯ ಒಂದು ಗಿಡ್ಡ ಬದಿಯ ನಡುವೆ ಎರಡು ಸೆಂಟಿಮೀಟರ್ ಚೌಕ ಕತ್ತರಿಸಿ, ಅದರ ಮೇಲೆ ಫಾಯಿಲ್ ಸುಕ್ಕಿಲ್ಲದಂತೆ ಅಂಟಿಸಿ.
2. ಫಾಯಿಲ್ ನಡುವೆ ಸೂಜಿಯಿಂದ ಸುಮಾರು 1 ಮಿಲಿಮೀಟರ್ ತೂತು ಮಾಡಿ. ಸೂಜಿಯನ್ನು ತಿರುಗಿಸುತ್ತ ನಿಧಾನವಾಗಿ ಒತ್ತಬೇಕು. ಒಮ್ಮೆಲೇ ಚುಚ್ಚಿದರೆ ಅಂಚು ಹರಿಯುತ್ತದೆ, ಚಿತ್ರ ಕದಡುತ್ತದೆ.
3. ಎದುರಿನ ಗಿಡ್ಡ ಬದಿಯಲ್ಲಿ ಅಂಚಿಗೆ ಒಂದು ಬೆರಳಗಲ ಬಿಟ್ಟು ಉಳಿದದ್ದನ್ನು ಕತ್ತರಿಸಿ ತೆಗೆಯಿರಿ. ಆ ಕಿಟಕಿಗೆ ಬಟರ್ ಪೇಪರ್ ಬಿಗಿಯಾಗಿ ಅಂಟಿಸಿ. ಇದೇ ಪರದೆ.
4. ಮುಚ್ಚಳ ಹಾಕಿ ಎಲ್ಲ ಸಂದಿ, ಮೂಲೆಗೂ ಕಪ್ಪು ಟೇಪ್ ಸುತ್ತಿ.
5. ರಾತ್ರಿ ದೀಪ ಆರಿಸಿ, ಒಂದು ಮೇಣದಬತ್ತಿ ಹಚ್ಚಿ. ತೂತು ಮೇಣದಬತ್ತಿಯ ಕಡೆಗೆ, ಪರದೆ ಮಗುವಿನ ಕಡೆಗೆ ಬರುವಂತೆ ಒಂದು ಅಡಿ ದೂರದಲ್ಲಿ ಹಿಡಿಯಿರಿ. ಜ್ವಾಲೆ ತಲೆಕೆಳಗಾಗಿ ಕಾಣುತ್ತದೆ.
6. ಮರುದಿನ ಬಟ್ಟೆಯನ್ನು ತಲೆಗೂ ಡಬ್ಬಿಗೂ ಸೇರಿಸಿ ಹೊದ್ದು, ಬಿಸಿಲಿನಲ್ಲಿರುವ ಮರವನ್ನೋ ಎದುರುಮನೆಯನ್ನೋ ನೋಡಲಿ. ಸೂರ್ಯನ ಕಡೆಗೆ ಡಬ್ಬಿ ತಿರುಗಿಸಕೂಡದು.

ಏನೂ ಕಾಣದಿದ್ದರೆ ನೂರಕ್ಕೆ ತೊಂಬತ್ತು ಸಲ ಸಂದಿಯಿಂದ ಬೆಳಕು ಒಳನುಗ್ಗಿರುತ್ತದೆ, ಇಲ್ಲವೇ ಮಂಕಾದ ವಸ್ತುವಿನ ಕಡೆ ಹಿಡಿದಿರುತ್ತೀರಿ. ಚಿತ್ರ ಬೆಳ್ಳಗಿದ್ದು ಮಸುಕಾಗಿದ್ದರೆ ತೂತು ದೊಡ್ಡದಾಗಿದೆ, ಫಾಯಿಲ್ ಬದಲಿಸಿ. ಬೇಕೆಂದೇ ಪಕ್ಕದಲ್ಲಿ ಇನ್ನೊಂದು ತೂತು ಮಾಡಿ ನೋಡಿ: ಎರಡು ಜ್ವಾಲೆ!

‘ಯಾಕೆ ತಲೆಕೆಳಗು?’ ಎಂದು ಮಗು ಕೇಳಿದಾಗ ಎರಡು ದಾರ ತೆಗೆದುಕೊಳ್ಳಿ. ಒಂದು ಜ್ವಾಲೆಯ ತುದಿಯ ಬೆಳಕು, ಇನ್ನೊಂದು ಬುಡದ್ದು. ಎರಡನ್ನೂ ಒಂದು ಉಂಗುರದೊಳಗೆ ತೂರಿಸಿ ನೇರವಾಗಿ ಎಳೆಯಿರಿ. ಮೇಲಿನಿಂದ ಬಂದದ್ದು ಕೆಳಗೆ ಹೋಗುತ್ತದೆ, ಕೆಳಗಿನದು ಮೇಲೆ. ಬೆಳಕು ನೇರ ಹೋಗುವುದರಿಂದ ಹೀಗೆ. ಇಷ್ಟೇ ವಿವರಣೆ ಸಾಕು.

ಜೊತೆಗೆ ಪ್ರತಿ ಮಗುವಿನ ಕೈಗೂ ಒಂದು ಹೊಸ 50 ರೂಪಾಯಿ ನೋಟು ಕೊಡಿ. ಹಿಂಬದಿಯ ಕಲ್ಲಿನ ರಥವನ್ನು ಚೆನ್ನಾಗಿ ನೋಡಿಟ್ಟುಕೊಳ್ಳಲಿ. ಎರಡನೆಯ ದಿನ ಕೆಲಸಕ್ಕೆ ಬರುತ್ತದೆ.

ಚೀಲದಲ್ಲಿ ಏನಿರಬೇಕು

ನೀರು: ಬೆಳಗಿನ ಒಂದು ಸುತ್ತಿಗೆ ಮಗುವಿಗೆ 1 ಲೀಟರ್, ದೊಡ್ಡವರಿಗೆ 1.5. ಬಾಯಾರಿಕೆ ಎನ್ನುವ ತನಕ ಕಾಯದೆ ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಕುಡಿಸಿ. ಓಆರ್‌ಎಸ್ ಎರಡು ಪೊಟ್ಟಣ. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆಯೋ ಅಷ್ಟಕ್ಕೇ ಪೂರ್ತಿ ಪೊಟ್ಟಣ ಕಲಸಬೇಕು. ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ.

ಹಳೆಯ ದಪ್ಪ ಸಾಕ್ಸ್ ತಲೆಗೊಂದು ಜೊತೆ. ಇದನ್ನು ಯಾರೂ ಹೇಳುವುದಿಲ್ಲ, ಆದರೆ ಬಹಳ ಮುಖ್ಯ. ದೇವಸ್ಥಾನದಲ್ಲಿ ಚಪ್ಪಲಿ ಬಿಟ್ಟಮೇಲೆ ಅಂಗಳದ ಕಲ್ಲು ಹಾಸು ಹತ್ತೂವರೆಗೇ ಮಕ್ಕಳ ಅಂಗಾಲು ಸುಡುತ್ತದೆ. ನಡೆಯಲು ಹಿಡಿತವಿರುವ ರಬ್ಬರ್ ತಳದ ಶೂ. ಬಂಡೆಗಳ ಮೇಲೆ ಹವಾಯಿ ಚಪ್ಪಲಿ ಜಾರುತ್ತದೆ.

ಅಗಲ ಅಂಚಿನ ಟೋಪಿ, ತುಂಬು ತೋಳಿನ ಹತ್ತಿ ಅಂಗಿ, ಒಂದು ಟಾರ್ಚ್, ದುರ್ಬೀನು. ಮೊಸರನ್ನ ಒಯ್ಯುವುದಾದರೆ ಬಿಸಿ ಅನ್ನಕ್ಕೆ ಹಾಲು ಕಲಸಿ, ಆರಿದ ಮೇಲೆ ಒಂದೇ ಚಮಚ ಮೊಸರು ಸೇರಿಸಿ. ಮಧ್ಯಾಹ್ನಕ್ಕೆ ಹದವಾಗುತ್ತದೆ, ಹುಳಿಯಾಗುವುದಿಲ್ಲ. ಬೆಳಗಿನ ತಿಂಡಿಗೆ ಹೊಸಪೇಟೆಯ ಮಂಡಕ್ಕಿ ಒಗ್ಗರಣೆ ಮಕ್ಕಳಿಗೆ ಹಿಡಿಸುತ್ತದೆ. ಮಿರ್ಚಿ ನಿಮ್ಮ ತಟ್ಟೆಯಲ್ಲಿರಲಿ.

ಬಾಳೆಹಣ್ಣು, ಕುರ್ಕುರೆ, ಸದ್ದು ಮಾಡುವ ಪ್ಲಾಸ್ಟಿಕ್ ಚೀಲ ಕೈಯಲ್ಲಿ ಬೇಡ. ಇಲ್ಲಿಯ ಮಂಗಗಳಿಗೆ ಆ ಸದ್ದಿನ ಅರ್ಥ ಗೊತ್ತು. ಎಲ್ಲ ತಿಂಡಿಯೂ ಜಿಪ್ ಹಾಕಿದ ಬೆನ್ನುಚೀಲದೊಳಗಿರಲಿ. ಮಂಗ ಏನಾದರೂ ಕಿತ್ತುಕೊಂಡರೆ ಬಿಟ್ಟುಬಿಡಬೇಕು, ಎಳೆದಾಡಬಾರದು, ಹಲ್ಲು ತೋರಿಸಿ ನಗಬಾರದು, ಓಡಬಾರದು ಎಂದು ಮಗುವಿಗೆ ಮನೆಯಲ್ಲೇ ಹೇಳಿಕೊಡಿ. ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು ನೇರ ಹೊಸಪೇಟೆಯ ಆಸ್ಪತ್ರೆಗೆ ಹೋಗಿ. ಗಾಯ ಸಣ್ಣದು ಎಂದು ರೇಬಿಸ್ ಲಸಿಕೆಯನ್ನು ಮುಂದೂಡಬೇಡಿ.

ನಿಮ್ಮ ಫೋನ್ ನಂಬರನ್ನು ಮಗುವಿನ ಮೊಣಕೈಯ ಒಳಬದಿಗೆ ಬಾಲ್‌ಪೆನ್ನಿನಲ್ಲಿ ಬರೆಯಿರಿ. ಬೆವರಿಗೆ ಅಳಿಸುತ್ತದೆ, ಸಂಜೆ ಮತ್ತೆ ಬರೆಯಿರಿ.

ಮೊದಲ ದಿನ ಬೆಳಿಗ್ಗೆ: ರಾಜರ ಅಂಗಳ

ಎಂಟೂವರೆಗೆ ಜನಾನಾ (ರಾಣಿವಾಸದ) ಆವರಣದ ಟಿಕೆಟ್ ಕಿಟಕಿಯಲ್ಲಿರಿ. ದೊಡ್ಡವರಿಗೆ 40 ರೂಪಾಯಿ, 15 ವರ್ಷದೊಳಗಿನ ಮಕ್ಕಳಿಗೆ ಉಚಿತ. ಇದೇ ಟಿಕೆಟ್ ಅದೇ ದಿನ ವಿಠ್ಠಲ ದೇವಸ್ಥಾನಕ್ಕೂ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ. ಅದಕ್ಕಾಗಿಯೇ ಎಷ್ಟೋ ಜನ ಎಲ್ಲವನ್ನೂ ಒಂದೇ ದಿನಕ್ಕೆ ತುರುಕುತ್ತಾರೆ. 40 ರೂಪಾಯಿ ಉಳಿಸಲು ಹೋಗಿ ಮಕ್ಕಳನ್ನು ಬಳಲಿಸಬೇಡಿ. ನಾಳೆ ಇನ್ನೊಂದು ಟಿಕೆಟ್ ಕೊಳ್ಳೋಣ.

ಕಮಲ ಮಹಲನ್ನು ಹೊರಗಿನಿಂದ ನೋಡಿ ಆನೆ ಲಾಯಕ್ಕೆ ನಡೆಯಿರಿ. ಹನ್ನೊಂದು ಕೋಣೆ, ಮೇಲೆ ಗುಮ್ಮಟಗಳು. ಎಲ್ಲ ಗುಮ್ಮಟವೂ ಒಂದೇ ಥರ ಇಲ್ಲ. ಯಾವುದು ಯಾವುದಕ್ಕೆ ಜೋಡಿ ಎಂದು ಮಕ್ಕಳು ಹೇಳಲಿ.

ಅಲ್ಲಿಂದ ಹಜಾರ ರಾಮ ದೇವಸ್ಥಾನ. ಗೋಡೆಯ ತುಂಬ ರಾಮಾಯಣ ಸಾಲು ಸಾಲಾಗಿ ಕೆತ್ತಿದೆ. ಕಥೆ ಪೂರ್ತಿ ಹೇಳಲು ಹೊರಡಬೇಡಿ. ಮೂರು ಹುಡುಕಲು ಬಿಡಿ: ಕಾವಡಿ ಹೊತ್ತ ಶ್ರವಣಕುಮಾರ, ಮಾಯಾಜಿಂಕೆ, ಬಾಲವನ್ನೇ ಸುರುಳಿ ಸುತ್ತಿ ಅದರ ಮೇಲೆ ರಾವಣನ ಎದುರು ಕೂತ ಹನುಮಂತ. ಮೊದಲು ಕಂಡವರು ಮುಟ್ಟದೆ ಬೆರಳು ಮಾಡಿ ತೋರಿಸಬೇಕು.

ಮಹಾನವಮಿ ದಿಬ್ಬದಲ್ಲಿ ಒಂದು ಎಚ್ಚರಿಕೆ. ಮೇಲೆ ಕಟಕಟೆಯಿಲ್ಲ, ಹತ್ತು ವರ್ಷದವರೆಗೆ ಕೈ ಹಿಡಿದೇ ಹತ್ತಿಸಿ, ಅಂಚಿನಿಂದ ಎರಡು ಮಾರು ದೂರ ನಿಲ್ಲಿಸಿ. ಹತ್ತದಿದ್ದರೂ ನಷ್ಟವಿಲ್ಲ, ಕೆಳಗಿನ ಸಾಲುಗಳಲ್ಲೇ ಆನೆ, ಕುದುರೆ, ಬೇಟೆ, ಕುಣಿತ ಎಲ್ಲ ಇದೆ. ಪಕ್ಕದಲ್ಲೇ 1980ರ ದಶಕದ ಉತ್ಖನನದಲ್ಲಿ ಸಿಕ್ಕ ಮೆಟ್ಟಿಲುಬಾವಿಯಂಥ ಪುಷ್ಕರಣಿ. ಕಪ್ಪು ಕಲ್ಲುಗಳ ಮೇಲೆ ಯಾವುದನ್ನು ಯಾವ ದಿಕ್ಕಿಗೆ, ಯಾವ ಸಾಲಿಗೆ ಜೋಡಿಸಬೇಕೆಂದು ಗುರುತು ಕೊರೆದಿದ್ದಾರೆ. ಆಟಿಕೆಯ ಕಟ್ಟಡ ಜೋಡಿಸುವ ಮಕ್ಕಳಿಗೆ ಇದು ಥಟ್ಟನೆ ಅರ್ಥವಾಗುತ್ತದೆ.

ಸಮಯವಿದ್ದರೆ ನೆಲಮಟ್ಟಕ್ಕಿಂತ ಕೆಳಗಿರುವ ಪ್ರಸನ್ನ ವಿರೂಪಾಕ್ಷ ದೇವಸ್ಥಾನ. ಒಳಗೆ ನೀರು, ಬಾವಲಿ, ಕತ್ತಲು. ಕೆಲವು ಮಕ್ಕಳಿಗೆ ಇಡೀ ಹಂಪಿಯಲ್ಲಿ ಇದೇ ನೆನಪಿರುತ್ತದೆ, ಕೆಲವರು ಹೆದರಿ ಅಳುತ್ತಾರೆ. ಬಾಗಿಲಲ್ಲಿ ಮಗುವಿನ ಮುಖ ನೋಡಿ ನಿರ್ಧರಿಸಿ. ಹನ್ನೊಂದೂವರೆಗೆ ಎಲ್ಲಿದ್ದರೂ ಆಟೋ ಹತ್ತಿ.

ಮೊದಲ ದಿನ ಸಂಜೆ: ಬೆನ್ನು ನೋಡುವ ಗಣಪತಿ

ಮೂರೂವರೆಗೆ ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ಅರ್ಧ ಗಂಟೆ. ಅಂಗಳದಲ್ಲಿ ಇಡೀ ಹಂಪಿಯ ಮಾದರಿ ಇದೆ. ಬೆಳಿಗ್ಗೆ ಓಡಾಡಿದ ಜಾಗ ಯಾವುದು, ಹೊಳೆ ಎಲ್ಲಿ ತಿರುಗುತ್ತದೆ ಎಂದು ಮಕ್ಕಳೇ ತೋರಿಸುತ್ತಾರೆ. ಇದನ್ನು ಮೊದಲೇ ನೋಡಿದರೆ ಬರೀ ಗುಡ್ಡೆ ಕಲ್ಲು, ಸುತ್ತಾಡಿ ಬಂದ ಮೇಲೆ ನೋಡಿದರೆ ನಕಾಶೆ.

ಆಮೇಲೆ ಉಗ್ರ ನರಸಿಂಹ, 6.7 ಮೀಟರ್ ಎತ್ತರದ ಏಕಶಿಲೆ. ಪಕ್ಕದಲ್ಲಿ ಸದಾ ನೀರಿನಲ್ಲಿ ನಿಂತ ಬಡವಿಲಿಂಗ. ಅಲ್ಲಿಂದ ಸಾಸಿವೆಕಾಳು ಗಣೇಶ. ಎಲ್ಲರೂ ಮುಂದೆ ನಿಂತು ಫೋಟೋ ತೆಗೆದು ಹೊರಡುತ್ತಾರೆ. ನೀವು ಮಕ್ಕಳನ್ನು ಹಿಂದಕ್ಕೆ ಕರೆದೊಯ್ಯಿರಿ. ಹಿಂದಿನಿಂದ ಕಾಣುವುದು ಗಣಪತಿಯ ಬೆನ್ನಲ್ಲ, ಜಡೆ ಹಾಕಿ ಕೂತ ಅಮ್ಮನ ಬೆನ್ನು. ಗಣಪ ಪಾರ್ವತಿಯ ಮಡಿಲಲ್ಲಿ ಕೂತಿದ್ದಾನೆ. ಏನನ್ನೂ ಹೇಳದೆ, ‘ಇದು ಯಾರ ಬೆನ್ನು?’ ಎಂದಷ್ಟೇ ಕೇಳಿ ಕಾಯಿರಿ.

ಐದೂಕಾಲಿಗೆ ಹೇಮಕೂಟ ಬೆಟ್ಟ. ಇಳಿಜಾರು ಸಲೀಸು, ಐದು ವರ್ಷದ ಮಗುವೂ ಕಾಲು ಗಂಟೆಯಲ್ಲಿ ಹತ್ತುತ್ತದೆ. ಮಾತಂಗ ಬೆಟ್ಟ ಮಕ್ಕಳಿಗೆ ಬೇಡ, ಮೆಟ್ಟಿಲು ಕಡಿದು, ಇಳಿಯುವಾಗ ಕತ್ತಲು. ಹೇಮಕೂಟದಿಂದಲೂ ಸೂರ್ಯ ಮುಳುಗುವುದು ಚೆನ್ನಾಗಿಯೇ ಕಾಣುತ್ತದೆ. ಮುಳುಗಿದ ಹತ್ತು ನಿಮಿಷಕ್ಕೆ ಟಾರ್ಚ್ ಹಾಕಿ ಇಳಿಯಲು ಶುರು ಮಾಡಿ.

ಅಲ್ಲಿ ಕೂತಾಗ ಮಗು ಕೇಳುವ ಪ್ರಶ್ನೆ ಒಂದಿದೆ: ‘ಇದನ್ನೆಲ್ಲ ಒಡೆದವರು ಯಾರು?’ ಉತ್ತರ ಚಿಕ್ಕದಾಗಿರಲಿ. 1336ರಲ್ಲಿ ಕಟ್ಟಿದ ರಾಜ್ಯ, 1565ರ ತಾಳಿಕೋಟೆ ಯುದ್ಧದಲ್ಲಿ ಸೋತಿತು, ಊರು ಲೂಟಿಯಾಯಿತು, ಜನ ಬಿಟ್ಟು ಹೋದರು. ಒಡೆಯುವುದು ಆಗಲೇ ಮುಗಿದಿಲ್ಲ ಎಂಬುದನ್ನೂ ಹೇಳಿ: 2019ರಲ್ಲಿ ಇಲ್ಲಿಯ ಒಂದು ಕಂಬವನ್ನು ತಳ್ಳಿ ಉರುಳಿಸಿದ ನಾಲ್ವರು ಯುವಕರಿಗೆ ನ್ಯಾಯಾಲಯ ತಲಾ 70 ಸಾವಿರ ರೂಪಾಯಿ ದಂಡ ಹಾಕಿ, ಅವರ ಕೈಯಿಂದಲೇ ಕಂಬ ಎತ್ತಿ ನಿಲ್ಲಿಸಿತು. ಕಲ್ಲು ಹತ್ತಬೇಡ ಎಂದು ನೂರು ಸಲ ಗದರುವುದಕ್ಕಿಂತ ಈ ಒಂದು ಸಂಗತಿ ಮಕ್ಕಳ ಮನಸ್ಸಿನಲ್ಲಿ ಕೂರುತ್ತದೆ.

ಎರಡನೆಯ ದಿನ ಬೆಳಿಗ್ಗೆ: ಗೋಪುರ, ತೆಪ್ಪ, ರಥ

ಏಳಕ್ಕೇ ವಿರೂಪಾಕ್ಷ. ದೇವಸ್ಥಾನದ ಆನೆ ಲಕ್ಷ್ಮಿ ಬೆಳಿಗ್ಗೆ ಹೊಳೆಗೆ ಸ್ನಾನಕ್ಕೆ ಇಳಿಯುವುದನ್ನು ಮೆಟ್ಟಿಲ ಮೇಲೆ ದೂರ ನಿಂತು ನೋಡಿ. ಆಮೇಲೆ ಕತ್ತಲ ಕೋಣೆ. ಒಳಹೋದ ತಕ್ಷಣ ಫೋನಿನ ದೀಪ ಹಾಕಬೇಡಿ. ಎರಡು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಂಡು ಒಂಬತ್ತು ನೆಲೆಯ ಗೋಪುರ ಗೋಡೆಯ ಮೇಲೆ ಕೆಳಮುಖವಾಗಿ ಇಳಿದಿರುವುದು ಕಾಣುತ್ತದೆ. ಕಿಂಡಿಗೆ ಅಡ್ಡ ಮಗುವಿನ ಅಂಗೈ ಹಿಡಿಸಿ. ಗೋಪುರ ಮಾಯ. ಕೈ ತೆಗೆದರೆ ಮತ್ತೆ ಬಂತು. ಮೋಡ ಕವಿದಿದ್ದರೆ ಚಿತ್ರ ಮಸುಕು, ಬಿಸಿಲು ಬರುವ ತನಕ ಅಂಗಳದಲ್ಲಿ ಕಾಯಿರಿ.

ತೆಪ್ಪ ಹತ್ತುವ ಮೊದಲು ಲೈಫ್ ಜಾಕೆಟ್ ಕೇಳಿ. ಮಗುವಿಗೆ ತೊಡಿಸಿ, ಪಟ್ಟಿಗಳನ್ನೆಲ್ಲ ಬಿಗಿದು, ಎರಡೂ ಹೆಗಲ ಬಳಿ ಹಿಡಿದು ಮೇಲಕ್ಕೆತ್ತಿ. ಜಾಕೆಟ್ ಕಿವಿಯ ತನಕ ಬಂದರೆ ಅದು ದೊಡ್ಡವರ ಅಳತೆ, ನೀರಿಗೆ ಬಿದ್ದರೆ ಕಳಚಿಕೊಳ್ಳುತ್ತದೆ. ಸರಿಯಾದ ಅಳತೆ ಇಲ್ಲವೆಂದರೆ ತೆಪ್ಪವೇ ಬೇಡ, ಮಗು ಎಷ್ಟೇ ಹಟ ಮಾಡಲಿ. ಹತ್ತಿದವರು ನಡುವೆ ಕಾಲು ಚಾಚಿ ಸುತ್ತಲೂ ಸಮನಾಗಿ ಕೂರಬೇಕು. ‘ಗಿರಗಿರ ತಿರುಗಿಸಲಾ?’ ಎಂದು ಕೇಳಿದರೆ ಬೇಡವೆನ್ನಿ. ವಾಂತಿ ಅಲ್ಲಿಂದಲೇ ಶುರು. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬುಟ್ಟಿಯಂತೆ ದುಂಡಗಿದ್ದು ಹೊರಗೆ ಚರ್ಮ ಹೊದಿಸಿದ ದೋಣಿಗಳ ಬಗ್ಗೆ ಬರೆದಿದ್ದಾನೆ. ಐನೂರು ವರ್ಷದಿಂದ ಆಕಾರ ಬದಲಾಗಿಲ್ಲ. ಹೊಳೆಗಿಳಿದು ಆಡಲು ಮಾತ್ರ ಬಿಡಬೇಡಿ. ಬಂಡೆಯ ಸಂದಿಗಳಲ್ಲಿ ಸುಳಿಯಿದೆ, ಮೊಸಳೆಯೂ ಇದೆ.

ಒಂಬತ್ತಕ್ಕೆ ಆಟೋದಲ್ಲಿ ಗೆಜ್ಜಲ ಮಂಟಪ. ಶೌಚಾಲಯಕ್ಕೆ ಅಲ್ಲೇ ಹೋಗಿಬನ್ನಿ. ಮುಂದೆ ಒಂದು ಕಿಲೋಮೀಟರ್ ಬ್ಯಾಟರಿ ಗಾಡಿಯಲ್ಲಿ ವಿಠ್ಠಲ ದೇವಸ್ಥಾನಕ್ಕೆ.

ಈಗ ನೋಟು ತೆಗೆಸಿ. ರಥದ ಎದುರು ಚಿತ್ರ ತೆಗೆದ ಕೋನ ಯಾವುದೆಂದು ಮಕ್ಕಳು ಹಿಂದೆ ಮುಂದೆ ಸರಿದು ಹುಡುಕಲಿ. ಆಮೇಲೆ ಎರಡನೆಯ ಒಗಟು: ರಥ ಎಳೆಯುತ್ತಿರುವ ಆನೆಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲ ಕಾಣುತ್ತವೆ. ಮೊದಲು ಇಲ್ಲಿದ್ದದ್ದು ಕುದುರೆಗಳು, ಆನೆಗಳನ್ನು ತಂದಿಟ್ಟದ್ದು ಆಮೇಲೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೂ ಇದೆ, ಈಗ ಇಲ್ಲ. ಆ ಫೋಟೋವನ್ನು ಮನೆಯಲ್ಲೇ ಮುದ್ರಿಸಿ ತಂದರೆ ‘ಏನು ಕಾಣೆಯಾಗಿದೆ’ ಎಂಬ ಆಟ ಸಿದ್ಧ. ಸಂಗೀತ ಕಂಬಗಳನ್ನು ತಟ್ಟುವಂತಿಲ್ಲ. ಯಾರೋ ತಟ್ಟಿ ತೋರಿಸಲು ಬಂದರೂ ಬೇಡವೆನ್ನಿ.

575 ಮೆಟ್ಟಿಲಿನ ಅಂಜನಾದ್ರಿಯನ್ನು ಈ ಪಟ್ಟಿಯಲ್ಲಿ ಸೇರಿಸಿಲ್ಲ. ಎಂಟು ದಾಟಿದ ಮಕ್ಕಳಿದ್ದು ಮೂರನೆಯ ದಿನವಿದ್ದರೆ ಬೆಳಿಗ್ಗೆ ಆರಕ್ಕೇ ಹತ್ತಲು ಶುರು ಮಾಡಿ, ಕೈಯಲ್ಲಿ ನೀರು ಬಿಟ್ಟು ಬೇರೇನೂ ಇಲ್ಲದೆ.

ಎರಡನೆಯ ದಿನ ಸಂಜೆ: ದರೋಜಿಯ ಕರಡಿ

ಹಂಪಿಯಿಂದ ಸುಮಾರು 15 ಕಿಲೋಮೀಟರ್ ದೂರದ ದರೋಜಿ ಕರಡಿಧಾಮ 1994ರಲ್ಲಿ ಆದದ್ದು. ಮೂರಕ್ಕೆ ರೂಮು ಖಾಲಿ ಮಾಡಿ ಸಾಮಾನು ಸಮೇತ ಹೊರಡಿ, ಮೂರೂಮುಕ್ಕಾಲಕ್ಕೆ ವೀಕ್ಷಣಾ ಗೋಪುರದಲ್ಲಿರಬೇಕು. ಸಿಬ್ಬಂದಿ ಎದುರಿನ ಬಂಡೆಗಳಿಗೆ ಬೆಲ್ಲದ ಪಾಕ ಸವರಿಟ್ಟಿರುತ್ತಾರೆ, ಬಿಸಿಲು ಇಳಿದಂತೆ ಕರಡಿಗಳು ಒಂದೊಂದಾಗಿ ನೆಕ್ಕಲು ಬರುತ್ತವೆ. ದುರ್ಬೀನು ಇಲ್ಲದಿದ್ದರೆ ಮಗುವಿಗೆ ಕಾಣುವುದು ಬಂಡೆಯ ಮೇಲಿನ ಕಪ್ಪು ಚುಕ್ಕಿ ಮಾತ್ರ. ದುರ್ಬೀನು ಹಿಡಿಯುವುದನ್ನು ಮನೆಯಲ್ಲೇ ಕಲಿಸಿ: ಮೊದಲು ಬರಿಗಣ್ಣಿನಲ್ಲಿ ಕರಡಿಯನ್ನು ಹುಡುಕಬೇಕು, ದೃಷ್ಟಿ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತರಬೇಕು. ಮೊದಲೇ ಕಣ್ಣಿಗಿಟ್ಟುಕೊಂಡು ಹುಡುಕಿದರೆ ಏನೂ ಸಿಗುವುದಿಲ್ಲ. ಮರಿಗಳು ತಾಯಿಯ ಬೆನ್ನೇರಿ ಬರುವುದೂ ಉಂಟು.

ಒಂದೂವರೆ ಗಂಟೆ ಪಿಸುಮಾತಿನಲ್ಲಿ ಕೂರಬೇಕು. ಚಿಕ್ಕವರಿಗೆ ಅದು ಕಷ್ಟ, ಹಾಗಾಗಿ ಒಂದು ನೋಟ್‌ಬುಕ್, ಪೆನ್ಸಿಲ್ ಕೊಡಿ. ಬಂದ ನವಿಲು, ಕೌಜುಗ, ಮುಂಗುಸಿಗೆ ಒಂದೊಂದು ಗೆರೆ ಹಾಕಲಿ. ಕರಡಿಗೆ ದೊಡ್ಡ ಗೆರೆ. ಮಗುವಿಗೆ ಐದು ತುಂಬಿಲ್ಲವೆಂದರೆ ದರೋಜಿಯ ಬದಲು ಕಮಲಾಪುರದ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿ ಸಂಗ್ರಹಾಲಯದ ಸಫಾರಿ ಸರಿ.

ಐದೂಮುಕ್ಕಾಲಕ್ಕೆ ಹೊರಟರೆ ಏಳರೊಳಗೆ ಹೊಸಪೇಟೆ. ಮರಳುವ ಹಂಪಿ ಎಕ್ಸ್‌ಪ್ರೆಸ್ ಒಂಬತ್ತರ ಸುಮಾರಿಗೆ. ಊಟ ಮುಗಿಸಿ, ನಿಲ್ದಾಣದಲ್ಲಿ ಮಕ್ಕಳ ಕಾಲು ತೊಳೆದು, ಅಂಗಾಲಿಗೆ ಕೊಬ್ಬರಿ ಎಣ್ಣೆ ಸವರಿ ಒಗೆದ ಸಾಕ್ಸ್ ಹಾಕಿ ಕೆಳಗಿನ ಬರ್ತಿನಲ್ಲಿ ಮಲಗಿಸಿ. ಗೆರೆ ಎಳೆದ ನೋಟ್‌ಬುಕ್ಕನ್ನು ದೊಡ್ಡವರ ಚೀಲದಲ್ಲಿಡಿ. ಮಕ್ಕಳ ಕೈಯಲ್ಲಿದ್ದರೆ ಬೆಳಿಗ್ಗೆ ಇಳಿಯುವ ಗಡಿಬಿಡಿಯಲ್ಲಿ ಬರ್ತಿನಲ್ಲೇ ಉಳಿದುಬಿಡುತ್ತದೆ.